ಒಂದು ತೂತಿನ ಜವಾಬ್ದಾರಿ ಯಾರದು?

ಕಥೆ, ಕವಿತೆ, ಪ್ರವಾಸದ ಫೋಟೋ ಅಂತ ನೋಡೋಕೆ ಬಂದವರು ದಯವಿಟ್ಟು ಕ್ಷಮಿಸಿ. ಇವತ್ತು ಬರೆಯಲು ಹೊರಟಿರುವುದು ಕಬ್ಬಿಣದಲ್ಲಿರುವ ಒಂದು ತೂತಿನ ಬಗ್ಗೆ. ಹನ್ನೆರಡು ಮಿಲಿಮೀಟರ್ ತೂತು. ಒಳಗೆ ಥ್ರೆಡ್ ಇರುತ್ತೆ, ಬೋಲ್ಟು ತಿರುಗಿಸಿ ಕೂರಿಸೋದಕ್ಕೆ. ಅಷ್ಟೇ. ಇದರ ಬಗ್ಗೆ ಒಂದು ಇಡೀ ಲೇಖನವಾ ಅಂತ ನನ್ನ ಹೆಂಡತಿ ಕೂಡ ಕೇಳಿದಳು. :-)

ಆದರೆ ನಿಮಗೂ ಈ ತೂತಿಗೂ ಸಂಬಂಧ ಇದೆ. ದಿನಾ ಅದರ ಪಕ್ಕದಲ್ಲೇ ಓಡಾಡ್ತೀರಿ. ನಿಮ್ಮ ರಸ್ತೆಯ ಬೀದಿದೀಪದ ಕಂಬವನ್ನು ಒಮ್ಮೆ ನೋಡಿ. ಬುಡದಿಂದ ಎರಡು ಮೂರು ಅಡಿ ಮೇಲೆ ಒಂದು ಸಣ್ಣ ಬಾಗಿಲು ಇರುತ್ತೆ. ಎಷ್ಟೋ ಕಂಬಗಳಲ್ಲಿ ಬಾಗಿಲಿನ ಜಾಗ ಮಾತ್ರ ಇರುತ್ತೆ, ಬಾಗಿಲು ಇರುವುದಿಲ್ಲ. ಇನ್ನು ಕೆಲವಕ್ಕೆ ಬಾಗಿಲನ್ನು ಬೈಂಡಿಂಗ್ ವೈರ್ ಸುತ್ತಿ ಕಟ್ಟಿರ್ತಾರೆ. "ಗುಜರಿಯವರು ಕದ್ದಿರಬೇಕು", "ಲೈನ್‌ಮನ್‌ಗಳು ಸೋಮಾರಿಗಳು" ಅಂತ ನಾವು ಮುಂದೆ ಹೋಗ್ತೀವಿ. ಹಲವು ಕಡೆ ಅದು ನಿಜವೂ ಇರಬಹುದು. ಆದರೆ ಕೆಲವು ಕಂಬಗಳಲ್ಲಿ ಆ ಬಾಗಿಲು ಮೊದಲ ದಿನದಿಂದಲೂ ಕೂತೇ ಇರುವುದಿಲ್ಲ. ಯಾಕಂದ್ರೆ ಸ್ಕ್ರೂ ಒಳಗೆ ಹೋಗಲೇ ಇಲ್ಲ. ತೂತಿನ ತುಂಬ ಸತು ತುಂಬಿಕೊಂಡಿತ್ತು.

ನನಗೆ ಹೇಗೆ ಗೊತ್ತು ಅಂದರೆ, ಅಂಥ ಕಂಬಗಳನ್ನು ಮಾಡಿ ಕಳಿಸಿದವರಲ್ಲಿ ನಾನೂ ಒಬ್ಬ. ಪೀಣ್ಯದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಕ್ವಾಲಿಟಿ ನೋಡಿಕೊಳ್ಳೋದು ನನ್ನ ಕೆಲಸ. ಸರಿ ಇದೆ ಅಂತ ಸಹಿ ಹಾಕೋನು ನಾನೇ.

*

ಮೊದಲು ಈ ಸತು ಎಲ್ಲಿಂದ ಬಂತು ಅಂತ ಹೇಳಿಬಿಡ್ತೀನಿ. ಗೊತ್ತಿರುವವರು ಮುಂದಿನ ಚುಕ್ಕಿಗಳವರೆಗೆ ಹಾರಿ ಹೋಗಬಹುದು.

ಕಬ್ಬಿಣ ತುಕ್ಕು ಹಿಡಿಯದಿರಲಿ ಅಂತ ಅದನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವುದೇ ಹಾಟ್ ಡಿಪ್ ಗಾಲ್ವನೈಸಿಂಗ್. ಫ್ರಾನ್ಸಿನ ಸೊರೆಲ್ ಎಂಬಾತ 1830ರ ದಶಕದಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಇವತ್ತಿಗೂ ಮೂಲ ವಿಧಾನ ಅದೇ. ಮೊದಲು ಕಾಸ್ಟಿಕ್ ತೊಟ್ಟಿಯಲ್ಲಿ ಎಣ್ಣೆ ಜಿಡ್ಡು ತೆಗೀತಾರೆ. ತೊಳೆದು ಆಸಿಡ್ ತೊಟ್ಟಿಗೆ ಹಾಕಿದರೆ ತುಕ್ಕೂ ಕಪ್ಪು ಪದರವೂ ಹೋಗುತ್ತೆ. ಮತ್ತೆ ತೊಳೆದು ಫ್ಲಕ್ಸ್ ದ್ರಾವಣದಲ್ಲಿ ಅದ್ದುತ್ತಾರೆ. ಆಮೇಲೆ ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಹೊಳೆಯುವ ಸತುವಿನ ದೊಡ್ಡ ಕಡಾಯಿಗೆ ಇಳಿಸ್ತಾರೆ. (ಸತು ಕರಗೋದು 419 ಡಿಗ್ರಿಯ ಆಸುಪಾಸಿನಲ್ಲಿ.) ಕ್ರೇನಿನಲ್ಲಿ ನಿಧಾನವಾಗಿ ಎತ್ತುವಾಗ ಕಂಬ ಬೆಳ್ಳಿಯ ಹಾಗೆ ಹೊಳೀತಾ ಮೇಲೆ ಬರೋದನ್ನು ನೋಡಬೇಕು... ಇಷ್ಟು ವರ್ಷ ಆದರೂ ನನಗೆ ಅದು ಬೇಜಾರಾಗಿಲ್ಲ.

ಇದು ಬಣ್ಣ ಬಳಿದ ಹಾಗಲ್ಲ. ಸತು ಮತ್ತು ಕಬ್ಬಿಣ ಸೇರಿ ಮಿಶ್ರಲೋಹದ ಪದರಗಳೇ ಆಗುತ್ತವೆ. ಅವುಗಳಲ್ಲಿ ಕೆಲವು ಒಳಗಿನ ಮೆದು ಉಕ್ಕಿಗಿಂತಲೂ ಗಟ್ಟಿ. ಅದಕ್ಕೇ ಗಾಲ್ವನೈಸ್ ಮಾಡಿದ ಕಂಬ ಲಾರಿಯಲ್ಲಿ ಬಿದ್ದು ಎದ್ದು ಬಂದರೂ ಹೆಚ್ಚಿನಂಶ ಹಾಗೇ ಉಳಿಯುತ್ತೆ. ಕೆರೆದು ಸ್ವಲ್ಪ ಉಕ್ಕು ಬಯಲಾದರೂ ಪಕ್ಕದ ಸತು ತಾನು ಸವೆದು ಅದನ್ನು ಕಾಪಾಡುತ್ತೆ. ಇಷ್ಟು ನಂಬಿಕಸ್ತ ಕೆಲಸ ಇನ್ನೊಂದಿಲ್ಲ.

ತೊಂದರೆ ಏನಂದರೆ ಕಡಾಯಿಗೆ ಯಾವುದು ಬೇಕು ಯಾವುದು ಬೇಡ ಅಂತ ಗೊತ್ತಾಗಲ್ಲ. ಬಾದೂಷಾವನ್ನು ಪಾಕದಲ್ಲಿ ಅದ್ದಿ ತೆಗೆದಾಗ ಎಲ್ಲಿ ಪಾಕ ಹೆಚ್ಚು ನಿಲ್ಲುತ್ತೆ? ಮಡಿಕೆಗಳ ಸಂದಿಯಲ್ಲಿ. ಸತುವೂ ಹಾಗೇ. ಥ್ರೆಡ್ ಅಂದರೆ ಸಂದಿಗಳ ಸಾಲು ತಾನೆ? ನಟ್ಟು ಬೋಲ್ಟುಗಳಂಥ ಚಿಕ್ಕ ವಸ್ತುಗಳನ್ನಾದರೆ ಬುಟ್ಟಿಯಲ್ಲಿ ಅದ್ದಿ, ತಕ್ಷಣ ಗಿರಗಿರ ತಿರುಗಿಸಿ ಹೆಚ್ಚಿನ ಸತುವನ್ನು ಸಿಡಿಸಿಬಿಡ್ತಾರೆ. ಏಳು ಮೀಟರ್ ಉದ್ದದ ಕಂಬವನ್ನು ಯಾರು ತಿರುಗಿಸ್ತಾರೆ?

*

ಈಗ ಒಂದು ಸಣ್ಣ ಲೆಕ್ಕ. ಹೆದರಬೇಡಿ, ಹೈಸ್ಕೂಲಿನದು.

ದಪ್ಪ ಉಕ್ಕಿನ ಮೇಲೆ ಎಷ್ಟು ಸತು ಇರಬೇಕು ಅನ್ನೋದಕ್ಕೆ ನಮ್ಮ ಐಎಸ್ 4759 ಪ್ರಕಾರ ಚದರ ಮೀಟರಿಗೆ 610 ಗ್ರಾಂ. ಸತುವಿನ ಸಾಂದ್ರತೆಯಿಂದ ಭಾಗಿಸಿದರೆ ಸುಮಾರು 85 ಮೈಕ್ರಾನ್ ದಪ್ಪ. ಐಎಸ್‌ಒ 1461 ಕೇಳೋದೂ ಸರಾಸರಿ 85 ಮೈಕ್ರಾನನ್ನೇ. ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. "ಇಷ್ಟಕ್ಕೆಲ್ಲ ಬೋಲ್ಟು ಹೋಗಲ್ವಾ?" ಅಂತ ಅನ್ನಿಸೋದು ಇಲ್ಲೇ.

ಥ್ರೆಡ್ಡಿನ ಇಳಿಜಾರುಗಳು 60 ಡಿಗ್ರಿ ಕೋನದಲ್ಲಿರ್ತವೆ. ಇಳಿಜಾರಿನ ಮೇಲೆ ಕೂತ ಪದರ ಅಡ್ಡಡ್ಡಲಾಗಿ ಅಳೆದಾಗ ದುಪ್ಪಟ್ಟಾಗುತ್ತೆ. ತೂತಿಗೆ ಎರಡು ಬದಿ ಇರೋದರಿಂದ ಮತ್ತೆ ದುಪ್ಪಟ್ಟು. ಒಟ್ಟು ನಾಲ್ಕು ಪಟ್ಟು. ಅಂದರೆ 85 ಮೈಕ್ರಾನ್ ಸತು ಕೂತರೆ ಥ್ರೆಡ್ಡಿನ ಅಳತೆ 0.34 ಮಿ.ಮೀ. ಕುಗ್ಗುತ್ತೆ. ಈಗ ಎಂ-12 ಬೋಲ್ಟಿಗೂ ಅದರ ತೂತಿಗೂ ಮಾಮೂಲಿ ಫಿಟ್ಟಿನಲ್ಲಿ ಇರುವ ಅತಿ ಕಡಿಮೆ ಸಂದಿ ಎಷ್ಟು ಗೊತ್ತಾ? 0.034 ಮಿ.ಮೀ. ಸರಿಯಾಗಿ ಹತ್ತನೇ ಒಂದು! ಅತಿ ಸಡಿಲ ಬೋಲ್ಟು, ಅತಿ ದೊಡ್ಡ ತೂತು ಸಿಕ್ಕಿದರೂ ಸಂದಿ 0.384. ಬೋಲ್ಟಿನ ಮೇಲೂ ಸತು ಇರುತ್ತಲ್ಲ, ಅದನ್ನು ಸೇರಿಸಿದರೆ ಮುಗಿದೇ ಹೋಯ್ತು. ಇದೂ ಸತು ಸಮನಾಗಿ ಕೂತರೆ ಮಾತ್ರ. ಒಳಗೆ ಹನಿಯಾಗಿ ನಿಂತುಬಿಟ್ಟರೆ ಥ್ರೆಡ್ ಇತ್ತು ಅನ್ನೋದೇ ಕಾಣಲ್ಲ.

ಆದ್ದರಿಂದ ರಕ್ಷಣೆ ಇಲ್ಲದೆ ಕಡಾಯಿಗೆ ಹೋದ ಥ್ರೆಡ್ ಮುಚ್ಚಿಕೊಂಡು ಬಂದರೆ ಅದು ಆಕಸ್ಮಿಕವೂ ಅಲ್ಲ, ಗಾಲ್ವನೈಸಿಂಗ್‌ನವರ ತಪ್ಪೂ ಅಲ್ಲ. ಅವರು ನಾವು ಕೇಳಿದ್ದನ್ನೇ ಮಾಡಿದ್ದಾರೆ. ಮುಚ್ಚಿಕೊಳ್ಳುತ್ತೆ ಅಂತ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಬಹುದಿತ್ತು. ಯಾರೂ ಹಾಕಿರಲ್ಲ.

*

2018ರ ಕೊನೆಯಲ್ಲಿ ನಮಗೆ 160 ಬೀದಿದೀಪದ ಕಂಬಗಳ ಆರ್ಡರ್ ಬಂತು. ಒಂದು ಸಣ್ಣ ಊರಿಗೆ. ಊರಿನ ಹೆಸರು ಬೇಡ. ಪ್ರತಿ ಕಂಬದಲ್ಲಿ ಮೂರು ಥ್ರೆಡ್ ತೂತು: ಬಾಗಿಲಿಗೆ ಎಂ-8ರ ಎರಡು, ಒಳಗೆ ಅರ್ಥಿಂಗ್ ತಂತಿ ಬಿಗಿಯೋದಕ್ಕೆ ಒಂದು ದಪ್ಪ ತುಂಡಿಗೆ ಕೊರೆದ ಎಂ-12ರ ಒಂದು. ಡ್ರಾಯಿಂಗಿನ ಮೂಲೆಯಲ್ಲಿ ಒಂದೇ ಸಾಲು: "ಹಾಟ್ ಡಿಪ್ ಗಾಲ್ವನೈಸ್ ಮಾಡತಕ್ಕದ್ದು". ತೂತುಗಳ ಬಗ್ಗೆ ಒಂದಕ್ಷರ ಇಲ್ಲ.

ಕಂಬಗಳು ಬೆಳ್ಳಗೆ ಮಿಂಚುತ್ತಾ ವಾಪಸ್ ಬಂದವು. ಮೂರು ತೂತೂ ಬಂದ್.

ಫೋನ್ ಮಾಡಿದ್ವಿ. "ಸಾರ್, ನೀವು ಪ್ಲಗ್ ಮಾಡಿ ಕಳಿಸಿಲ್ಲ, ನಾವು ಅದ್ದಿದೀವಿ" ಅಂದರು. ಡ್ರಾಯಿಂಗ್ ಮಾಡಿಕೊಟ್ಟವರು "ಇದೆಲ್ಲ ಫ್ಯಾಬ್ರಿಕೇಟರ್‌ಗೆ ಗೊತ್ತಿರಬೇಕಲ್ವಾ" ಅಂದರು. ನಮ್ಮ ಶೆಡ್ಡಿನಲ್ಲಿ "ಡ್ರಾಯಿಂಗಲ್ಲಿ ಇರಲಿಲ್ಲ" ಅಂದರು. ಮೂವರ ಮಾತೂ ಒಂದು ಅರ್ಥದಲ್ಲಿ ಸರಿಯೇ. ಎಲ್ಲರ ಮನೆ ದೋಸೆಯೂ ತೂತೇ ಅಂತಾರೆ. ನಮ್ಮಲ್ಲಿ ಮಾತ್ರ ಎಲ್ಲರ ತೂತೂ ಮುಚ್ಚಿತ್ತು.

ಲಾರಿ ಬಂದು ನಿಂತಿತ್ತು. ಇಬ್ಬರು ಹುಡುಗರ ಕೈಗೆ ಟ್ಯಾಪ್ ಕೊಟ್ಟು ಬಾಗಿಲಿನ ತೂತುಗಳನ್ನು ಮತ್ತೆ ಕೊರೆಸಿದ್ವಿ. ಎರಡು ದಿನದಲ್ಲಿ ಏಳು ಟ್ಯಾಪ್ ಮುರಿದವು. ಗಟ್ಟಿ ಟ್ಯಾಪ್ ತೂತಿನೊಳಗೇ ಮುರಿದರೆ ಅದನ್ನು ತೆಗೆಯೋ ಪಾಡು ಯಾರಿಗೂ ಬೇಡ. ಒಬ್ಬ ಹುಡುಗನ ಅಂಗೈ ಕುಯ್ದು ಮೂರು ಹೊಲಿಗೆ. ಇನ್ನೊಬ್ಬ ಬೇಗ ಆಗಲಿ ಅಂತ ಗ್ಯಾಸ್ ಟಾರ್ಚ್ ಹಿಡಿದು ಸತು ಕರಗಿಸೋಕೆ ಹೋದ. ಗಾಳಿಯಾಡದ ಮೂಲೆಯಲ್ಲಿ ಆ ಬಿಳಿ ಹೊಗೆ ಕುಡಿದು ರಾತ್ರಿ ಚಳಿ ಜ್ವರ. ಸತುವಿನ ಹೊಗೆಯಿಂದ ಬರೋ ಜ್ವರ ಅದು. ಒಂದೆರಡು ದಿನಕ್ಕೆ ಬಿಡುತ್ತೆ. ವೆಲ್ಡಿಂಗ್ ಮಾಡೋರಿಗೆ ಗೊತ್ತು.

ಒಳಗಿನ ಅರ್ಥಿಂಗ್ ತೂತಿಗೆ ಟ್ಯಾಪಿನ ಹಿಡಿ ತಿರುಗಿಸೋಕೆ ಜಾಗವೇ ಇರಲಿಲ್ಲ. ಬಾಗಿಲಿನ ಕಿಂಡಿಯಲ್ಲಿ ಒಂದು ಕೈ ಹೋಗೋದೇ ಕಷ್ಟ. "ಸೈಟಲ್ಲಿ ಎಲೆಕ್ಟ್ರಿಷಿಯನ್ ನೋಡ್ಕೋತಾನೆ ಬಿಡಿ" ಅಂತ ಯಾರೋ ಅಂದರು. ಯಾರು ಅಂದರು ಅಂತ ಈಗ ನೆನಪಿಲ್ಲ. ನಾನೇ ಅಂದಿರಬಹುದು. ರಿಪೋರ್ಟಿಗೆ ಸಹಿ ಹಾಕಿದ್ದಂತೂ ನಾನೇ.

*

2019ರ ಆಗಸ್ಟಿನಲ್ಲಿ ಬೇರೆ ಕೆಲಸಕ್ಕೆ ಆ ಊರಿನ ಮೇಲೆ ಹೋಗಬೇಕಾಯ್ತು. ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರ ಟೀ ಕುಡಿಯೋಕೆ ನಿಂತಾಗ ನಮ್ಮ ಕಂಬ ಕಾಣಿಸಿತು. ನಮ್ಮದು ಅಂತ ಒಂದು ಥರಾ ಹೆಮ್ಮೆ ಇರುತ್ತಲ್ಲ, ಹತ್ತಿರ ಹೋದೆ. ಕಂಬಕ್ಕೆ ಆನಿಸಿಕೊಂಡು ಒಬ್ಬ ಅಜ್ಜಿ ಹೂವು ಮಾರ್ತಾ ಇದ್ದರು. ಕಂಬದ ಬುಡಕ್ಕೆ ಎದೆಮಟ್ಟದವರೆಗೆ ಗೋಣಿಚೀಲ ಸುತ್ತಿ ಹಗ್ಗ ಕಟ್ಟಿತ್ತು.

"ಏನಜ್ಜಿ, ಕಂಬಕ್ಕೆ ಬಟ್ಟೆ ಉಡಿಸಿದೀರಾ?" ಅಂತ ತಮಾಷೆಗೆ ಕೇಳಿದೆ.

"ಮಳೆ ಬಂದು ಲೈಟ್ ಹಾಕಿದ್ರೆ ಜುಮ್ ಅಂತದೆ ಕಣಪ್ಪ. ಬೆನ್ನು ತಾಗಿದ್ರೆ ಹಿಡ್ಕಂಡಂಗಾಗ್ತದೆ. ಅದಕ್ಕೆ ಚೀಲ ಕಟ್ಟಿವ್ನಿ" ಅಂದರು. ಮಾಮೂಲಿ ವಿಷಯದ ಹಾಗೆ. ಹೂವಿನ ಮೊಳ ಅಳೀತಾ.

ನನಗೆ ಟೀ ಗಂಟಲಲ್ಲಿ ಇಳಿಯಲಿಲ್ಲ. ಅವರನ್ನು ದೂರ ಕೂರಲು ಹೇಳಿ, ಲೈನ್‌ಮನ್‌ಗೆ ಫೋನ್ ಮಾಡಿಸಿದೆ. ಪುಣ್ಯಕ್ಕೆ ಅರ್ಧ ಗಂಟೆಯಲ್ಲಿ ಬಂದರು. ಟೆಸ್ಟರ್ ಇಟ್ಟರೆ ದೀಪ ಹೊತ್ತಿತು. ಲೈನ್ ಆಫ್ ಮಾಡಿಸಿ ಬಾಗಿಲು ನೋಡಿದರೆ, ಒಂದು ಸ್ಕ್ರೂ ಅಷ್ಟೇ, ಇನ್ನೊಂದು ಕಡೆ ವೈರ್ ಸುತ್ತಿತ್ತು. ಸಂದಿಯಿಂದ ಮಳೆನೀರು ಇಳಿದು ಒಳಗಿನ ಜಾಯಿಂಟ್ ಒದ್ದೆ. ನೆಲದಿಂದ ಮೇಲೆ ಬಂದ ಅರ್ಥಿಂಗ್ ತಂತಿ ಯಾವುದಕ್ಕೂ ಬಿಗಿಯದೆ ಕಂಬದೊಳಗೆ ಸುಮ್ಮನೆ ಜೋತಾಡ್ತಾ ಇತ್ತು. ಪಕ್ಕದಲ್ಲೇ ನಮ್ಮ ಎಂ-12 ತೂತು. ಹೊಳೆಯುವ ಸತು ತುಂಬಿಕೊಂಡು, ನಾನು ಕಳಿಸಿದ ದಿನ ಹೇಗಿತ್ತೋ ಹಾಗೇ.

"ಬೋಲ್ಟು ಹೋಗಲ್ಲ ಸಾರ್ ಇದರಲ್ಲಿ. ಯಾವ ಕಂಬದಲ್ಲೂ ಹೋಗಲ್ಲ. ನಾವೇನ್ ಮಾಡೋಣ?" ಅಂದರು ಲೈನ್‌ಮನ್.

ಕರೆಂಟು ಸೋರಿದ್ದು ತೂತಿನಿಂದಲ್ಲ, ಅದು ನಿಜ. ವೈರಿನ ಜಾಯಿಂಟ್ ಒದ್ದೆಯಾಗಿದ್ದಕ್ಕೆ. ಆದರೆ ಸೋರಿದಾಗ ಕಾಪಾಡಬೇಕಿದ್ದದ್ದು ಅರ್ಥಿಂಗ್. ಕಂಬಕ್ಕೆ ಕರೆಂಟು ತಗುಲಿದ ಕೂಡಲೇ ಅದು ತಂತಿಯ ಮೂಲಕ ಸುಲಭವಾಗಿ ಹರಿದು, ಫ್ಯೂಸ್ ಹಾರಬೇಕು. ಕಂಬ ನೆಲದ ಮೇಲೇ ನಿಂತಿದೆಯಲ್ಲ, ಅದೇ ಅರ್ಥ್ ಆಗಲ್ವಾ ಅಂತ ಕೇಳಬಹುದು. ಅದು ನಿಂತಿರೋದು ಕಾಂಕ್ರೀಟಿನ ಮೇಲೆ. ಅಲ್ಲಿ ಹರಿಯೋ ಅಷ್ಟಿಷ್ಟು ಕರೆಂಟಿಗೆ ಫ್ಯೂಸ್ ಹಾರಲ್ಲ. ಕಂಬ ಜೀವ ಹಿಡಿದುಕೊಂಡೇ ಇರುತ್ತೆ, ಯಾರಾದರೂ ಮುಟ್ಟುವವರೆಗೆ. ಪ್ರತಿ ಮಳೆಗಾಲದಲ್ಲಿ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತಲ್ಲ, "ವಿದ್ಯುತ್ ಕಂಬ ಸ್ಪರ್ಶಿಸಿ ಹಸು ಸಾವು", ಕೆಲವೊಮ್ಮೆ ಹಸುವಿನ ಬದಲು ಮಗು... ಆ ನಾಲ್ಕು ಸಾಲಿನ ಹಿಂದೆ ಏನಿರುತ್ತೆ ಅಂತ ನನಗೆ ಅವತ್ತು ಗೊತ್ತಾಯ್ತು. ಎಲ್ಲ ಕಡೆ ಮುಚ್ಚಿದ ತೂತೇ ಕಾರಣ ಅಂತ ಹೇಳ್ತಾ ಇಲ್ಲ. ನನ್ನ ಕಂಬದಲ್ಲಿ ಇದೇ ಆಗಿತ್ತು.

ವಾಪಸ್ ಬಂದು ಯಜಮಾನರಿಗೆ ಹೇಳಿದೆ. ಬೈದರು. ಆಮೇಲೆ ಗಾಡಿ ಕೊಟ್ಟರು. ಇಬ್ಬರು ಹುಡುಗರ ಜೊತೆ ಐದು ದಿನ ಆ ಊರಲ್ಲಿದ್ದು, ಒಂದೊಂದೇ ಲೈನ್ ಆಫ್ ಮಾಡಿಸಿ, ಟ್ಯಾಪಿನ ಚೌಕ ತಲೆಗೆ ಸ್ಪ್ಯಾನರ್ ಹಾಕಿ ಕಾಲು ಕಾಲು ಸುತ್ತು ತಿರುಗಿಸುತ್ತಾ 160 ಕಂಬದ ತೂತನ್ನೂ ಬಿಡಿಸಿದ್ವಿ. ಲೈನ್‌ಮನ್‌ಗಳು ಹಿಂದೆಯೇ ಬಂದು ತಂತಿ ಬಿಗಿದರು. ಅಜ್ಜಿಯ ಕಂಬ ಮೊದಲನೆಯದು. ಚೀಲ ಬಿಚ್ಚಿ ಅಂದರೆ ಅವರು ಬಿಚ್ಚಲಿಲ್ಲ. "ಇರ್ಲಿ ಬಿಡಪ್ಪ" ಅಂದರು. ನನ್ನ ಸಹಿಗಿಂತ ಗೋಣಿಚೀಲದ ಮೇಲೇ ಅವರಿಗೆ ನಂಬಿಕೆ. ತಪ್ಪೇನಿಲ್ಲ.

*

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ.

ನಮ್ಮ ಫೀಲ್ಡಿನಲ್ಲಿ ಬಹಳ ಜನ ಹೇಳೋ ಮಾತು: "ಆಮೇಲೆ ಟ್ಯಾಪ್ ಹೊಡೆದರೆ ಆಯ್ತು." ಇದನ್ನು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ನಾವು ಕೊಳ್ಳುವ ಗಾಲ್ವನೈಸ್ಡ್ ನಟ್ಟುಗಳೆಲ್ಲ ಹಾಗೇ ಆಗೋದು. ಸತು ಹಾಕಿದ ಮೇಲೆ ಸ್ವಲ್ಪ ದೊಡ್ಡ ಅಳತೆಯಲ್ಲಿ ಥ್ರೆಡ್ ಕೊರೀತಾರೆ. ನಟ್ಟಿನ ಒಳಗಡೆ ಬರೀ ಉಕ್ಕೇ ಇದ್ದರೂ ಬೋಲ್ಟಿನ ಮೇಲಿನ ಸತು ಎರಡನ್ನೂ ಕಾಯುತ್ತೆ. ಕೈಗೆ ಸಿಗೋ ಜಾಗ, ಸರಿಯಾದ ಅಳತೆಯ ಟ್ಯಾಪ್, ಅದಕ್ಕೆ ಅಂತ ಸಮಯ, ಅದಕ್ಕೆ ಅಂತ ಒಬ್ಬ ಮನುಷ್ಯ, ಇಷ್ಟಿದ್ದರೆ ಟ್ಯಾಪ್ ಹೊಡೆಯೋದೂ ಒಂದು ವಿಧಾನ. ಕೊರೆದ ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ ಗಾಲ್ವನೈಸ್ಡ್ ಬೋಲ್ಟನ್ನೇ ಹಾಕಬೇಕು, ಅಷ್ಟೇ.

ಆದರೆ "ಆಮೇಲೆ" ಅನ್ನೋದು ವಿಧಾನ ಅಲ್ಲ. "ಆಮೇಲೆ" ಅಂದರೆ ಇನ್ಯಾರೋ ಅಂತ ಅರ್ಥ. ಡ್ರಾಯಿಂಗ್ ಮಾಡುವವನ ಆಮೇಲೆ ಫ್ಯಾಬ್ರಿಕೇಟರ್. ಅವನ ಆಮೇಲೆ ಗಾಲ್ವನೈಸರ್. ಅವನ ಆಮೇಲೆ ಸೈಟಿನ ಎಲೆಕ್ಟ್ರಿಷಿಯನ್. ಅವನ ಕೈಯಲ್ಲಿ ಒಂದು ಕಟಿಂಗ್ ಪ್ಲೇಯರ್ರು, ಒಂದು ಟೆಸ್ಟರ್, ಸಂಜೆಯೊಳಗೆ ಮುಗಿಸಬೇಕಾದ ಹದಿನೈದು ಕಂಬ. ಅವನ ಆಮೇಲೆ ಹೂವಿನ ಅಜ್ಜಿ. ಸರದಿಯಲ್ಲಿ ಹಿಂದೆ ಹೋದಷ್ಟೂ ಉಪಕರಣ ಕಡಿಮೆ, ಸಂಬಳ ಕಡಿಮೆ, ಅಪಾಯ ಮಾತ್ರ ಜಾಸ್ತಿ. ಡ್ರಾಯಿಂಗ್ ಟೇಬಲ್ಲಿನಲ್ಲಿ ಒಂದು ಸಾಲು ಬರೆದರೆ ಮುಗಿಯೋ ಕೆಲಸ, ಕೊನೆಗೆ ಗೋಣಿಚೀಲಕ್ಕೆ ಬಂದು ನಿಲ್ಲುತ್ತೆ.

ಹಾಗಾಗಿ ತೂತನ್ನು ಗೆರೆ ಎಳೆದು ತೋರಿಸಿದವನೇ ಅದನ್ನು ಉಳಿಸೋದು ಹೇಗೆ ಅಂತಲೂ ಬರೀಬೇಕು. ಬರೆದಿಲ್ಲ ಅಂದರೆ ಫ್ಯಾಬ್ರಿಕೇಟರ್ ಕೇಳಬೇಕು, ಕೇಳದೆ ಕಂಬ ಕಳಿಸಬಾರದು. ನನ್ನ ವಾದ ಇಷ್ಟೇ.

ಹೇಗೆ ಉಳಿಸೋದು ಅಂತ ಕೇಳಿದರೆ, ನಾವು ಆಮೇಲೆ ಮಾಡಿ ನೋಡಿ ಕಲಿತದ್ದು ಇದು:

ಒಂದು, ಹಳೇ ಬೋಲ್ಟನ್ನೇ ತೂತಿಗೆ ತಿರುಗಿಸಿ ಕಳಿಸೋದು. ಅದರ ತುದಿ ತೂತಿನ ಇನ್ನೊಂದು ಬಾಯಿಗೆ ಸಮನಾಗಿ ನಿಲ್ಲಬೇಕು. ಆಚೆ ಹೊರಗೆ ಬಂದರೆ ಆ ತುದಿಗೆ ಸತು ಅಂಟಿ, ಬಿಚ್ಚುವಾಗ ಅದೇ ಥ್ರೆಡ್ಡನ್ನು ಹಾಳು ಮಾಡುತ್ತೆ. ಬಿಚ್ಚುವಾಗ ತಲೆಯನ್ನು ಸ್ವಲ್ಪ ಬಿಸಿ ಮಾಡಬೇಕಾಗುತ್ತೆ, ಗಾಳಿಯಾಡುವ ಕಡೆ. ಬೋಲ್ಟಿಗೂ ಥ್ರೆಡ್ಡಿಗೂ ನಡುವೆ ಆಸಿಡ್ ನಿಂತು ಆಮೇಲೆ ಕಂದು ಕಲೆ ಸೋರೋದುಂಟು. ತೊಳೆದು ಒಣಗಿಸಬೇಕು.

ಎರಡು, ಮುಚ್ಚುವ ವಸ್ತು. ಆಸಿಡ್ಡನ್ನೂ 450 ಡಿಗ್ರಿಯನ್ನೂ ತಡೆಯೋ ಟೇಪುಗಳು, ಪೇಸ್ಟುಗಳು, ಬಣ್ಣಗಳು ಇದಕ್ಕೆಂದೇ ಸಿಗುತ್ತವೆ. ನಾವು ಬಾಗಿಲಿನ ಎಂ-8 ತೂತುಗಳಿಗೆ ಶಾಖ ತಡೆಯುವ ಸಿಲಿಕೋನ್ ಸೀಲಂಟ್ ತುಂಬಿಸಿ, ಪೂರ್ತಿ ಒಣಗಿದ ಮೇಲೆ ಕಳಿಸಿದ್ವಿ. ವಾಪಸ್ ಬಂದಾಗ ಸುಟ್ಟ ಪುಡಿಯನ್ನು ಕೆರೆದು ತೆಗೆದು ಒಂದು ಸಲ ಟ್ಯಾಪ್ ಓಡಿಸಿದರೆ ಸಾಕಾಯ್ತು. ನೂರಕ್ಕೆ ನೂರು ಯಾವುದೂ ಕೆಲಸ ಮಾಡಲ್ಲ, ಅದಕ್ಕೇ ಮೊದಲು ಒಂದೆರಡು ಪೀಸ್ ಅದ್ದಿಸಿ ನೋಡಬೇಕು. ಪ್ಲಂಬರ್‌ಗಳ ಬಿಳಿ ಟೆಫ್ಲಾನ್ ಟೇಪ್ ಮಾತ್ರ ಸುತ್ತಬೇಡಿ. ಅದು 327 ಡಿಗ್ರಿಗೇ ಕರಗುತ್ತೆ, ಇನ್ನೂ ಕಾದರೆ ಅದರ ಹೊಗೆ ಮನುಷ್ಯರಿಗೆ ವಿಷ.

ಮೂರು, ಎಚ್ಚರಿಕೆ. ಇನ್ನೊಂದು ಕಡೆ ಬಾಯಿಲ್ಲದ ಬ್ಲೈಂಡ್ ಹೋಲನ್ನು ಗಾಲ್ವನೈಸಿಂಗ್‌ನವರನ್ನು ಕೇಳದೆ ಮುಚ್ಚಿ ಕಳಿಸಬೇಡಿ. ಒಳಗೆ ಒಂದು ಹನಿ ನೀರೋ ಆಸಿಡ್ಡೋ ಸಿಕ್ಕಿಕೊಂಡಿದ್ದರೆ ಕಡಾಯಿಯಲ್ಲಿ ಅದು ಆವಿಯಾಗಿ ಸಾವಿರಾರು ಪಟ್ಟು ಹಿಗ್ಗುತ್ತೆ. ಮುಚ್ಚಿದ್ದು ಸಿಡಿದರೆ ಕರಗಿದ ಸತು ಪಕ್ಕದಲ್ಲಿ ನಿಂತವರ ಮೇಲೆ. ಕಡಾಯಿಯ ಹತ್ತಿರ ಕೆಲಸ ಮಾಡೋರೂ ಸರದಿಯಲ್ಲಿ ಇರುವ ಮನುಷ್ಯರೇ ಅನ್ನೋದು ನೆನಪಿರಲಿ.

ನಾಲ್ಕು, ಕಂಬ ಇಳಿಸಿಕೊಂಡ ದಿನವೇ ಪ್ರತಿ ತೂತಿಗೂ ಒಂದು ಬೋಲ್ಟನ್ನು ಬೆರಳಲ್ಲೇ ತಿರುಗಿಸಿ ನೋಡಬೇಕು. ಸ್ಪ್ಯಾನರ್ ಬೇಡ. ಬೆರಳಲ್ಲಿ ಹೋಗಲಿಲ್ಲ ಅಂದರೆ ಕಂಬ ಆಚೆ ಹೋಗಲ್ಲ. ಅರ್ಧ ನಿಮಿಷದ ಕೆಲಸ. ಈಗ ನನ್ನ ರಿಪೋರ್ಟಿನಲ್ಲಿ ಇದಕ್ಕೆ ಅಂತಲೇ ಒಂದು ಕಾಲಂ ಇದೆ.

ಐದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಥ್ರೆಡ್ಡೇ ಬೇಡ! ಅರ್ಥಿಂಗಿಗೆ ದಪ್ಪ ತುಂಡಿಗೆ ಥ್ರೆಡ್ ಕೊರೆಯೋ ಬದಲು, ಬಾಗಿಲಿನ ಎದುರಿಗೆ ಕೈಗೆ ಸಿಗೋ ಹಾಗೆ ಒಂದು ಪಟ್ಟಿ ವೆಲ್ಡ್ ಮಾಡಿ ಅದಕ್ಕೆ 14 ಮಿ.ಮೀ. ಸಾದಾ ತೂತು. 85 ಮೈಕ್ರಾನ್ ಸತು ಕೂತರೆ ಆ ತೂತು 13.83 ಆಗುತ್ತೆ, ಅಷ್ಟೇ ತಾನೆ? ಎಂ-12 ಬೋಲ್ಟು ಸಲೀಸಾಗಿ ಹೋಗುತ್ತೆ. ಹಿಂದೆ ಒಂದು ನಟ್ಟು, ಎರಡು ವಾಷರ್. ಪ್ಲಗ್ ಬೇಡ, ಟ್ಯಾಪ್ ಬೇಡ, ಟಾರ್ಚ್ ಬೇಡ. ಸತುವಿನ ಮೇಲೆ ತಂತಿ ಬಿಗಿದರೆ ಕರೆಂಟಿಗೆ ಏನೂ ಅಡ್ಡಿ ಇಲ್ಲ, ಅದೂ ಲೋಹವೇ ಅಲ್ವಾ. ಡ್ರಾಯಿಂಗ್ ಮಾಡೋರಿಗೆ ಇದನ್ನು ತೋರಿಸಿದಾಗ "ಹೌದಲ್ಲ" ಅಂದರು. ಈ ಮೂರಕ್ಷರದ ಮಾತಿಗೆ 160 ಕಂಬ ಬೇಕಾಯ್ತು.

*

"ಪ್ಲಗ್ ಮಾಡ್ತಾ ಕೂತರೆ ಖರ್ಚು ಯಾರು ಕೊಡ್ತಾರೆ?" ಅಂತ ಕೇಳೋರಿದಾರೆ. ನ್ಯಾಯವಾದ ಪ್ರಶ್ನೆ. ಕಡಿಮೆ ರೇಟ್ ಹಾಕಿದವರಿಗೆ ಟೆಂಡರ್ ಆಗೋ ಕಡೆ ಬರೀದೇ ಇರೋ ಕೆಲಸವನ್ನು ಯಾರೂ ಮಾಡಲ್ಲ. ಮಾಡಿದವನ ರೇಟ್ ಜಾಸ್ತಿಯಾಗಿ ಆರ್ಡರ್ ಕೈತಪ್ಪುತ್ತೆ. ಅದಕ್ಕೇ ನಾನು ಒಳ್ಳೇತನದ ಮೇಲೆ ಬಿಡಬೇಡಿ, ಡ್ರಾಯಿಂಗಲ್ಲಿ ಬರೀರಿ ಅಂತ ಹೇಳ್ತಿರೋದು. ಬರೆದರೆ ಎಲ್ಲರ ರೇಟಿನಲ್ಲೂ ಅದು ಸೇರುತ್ತೆ. ಏಳು ಟ್ಯಾಪು, ಮೂರು ಹೊಲಿಗೆ, ಒಂದು ಜ್ವರ, ಐದು ದಿನದ ಗಾಡಿ ಬಾಡಿಗೆ, ಇಷ್ಟನ್ನೂ ಕೂಡಿಸಿ ನೋಡಿದಾಗ ನಮ್ಮ ಯಜಮಾನರೇ ಸುಮ್ಮನಾದರು.

ಇನ್ನು ನೀವು. ನಿಮ್ಮಲ್ಲಿ ಹೆಚ್ಚಿನವರು ಸಾಫ್ಟ್‌ವೇರು, ಪಾಠ, ಬ್ಯಾಂಕು ಅಂತ ಇದ್ದೀರಿ. ಟ್ಯಾಪ್ ಹಿಡಿಯೋರಲ್ಲ. ಆದರೆ ನಿಮ್ಮ ಕೆಲಸದಲ್ಲೂ ಇಂಥ ಒಂದು ತೂತು ಇದ್ದೇ ಇರುತ್ತೆ, "ಆಮೇಲಿನವರು ನೋಡ್ಕೋತಾರೆ" ಅಂತ ಬಿಟ್ಟದ್ದು. ಅದನ್ನು ನಿಮಗೇ ಬಿಡ್ತೀನಿ. ನನ್ನ ಬೇಡಿಕೆ ಸಣ್ಣದು. ನಿಮ್ಮ ಬೀದಿಯ ಕಂಬದ ಬಾಗಿಲು ತೆರೆದಿದ್ದರೆ, ವೈರಿನಲ್ಲಿ ಕಟ್ಟಿದ್ದರೆ, ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕಂಬದ ನಂಬರ್ ಬರೆದುಕೊಂಡು ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೋ ನಿಮ್ಮ ಪಾಲಿಕೆಗೋ ಪಂಚಾಯಿತಿಗೋ ಹೇಳಿ. ಜೊತೆಗೆ "ಅರ್ಥಿಂಗ್ ಬಿಗಿದಿದೆಯಾ ನೋಡಿ" ಅಂತ ಒಂದು ಮಾತು ಸೇರಿಸಿ. ಲೈನ್‌ಮನ್ "ಬೋಲ್ಟು ಹೋಗ್ತಿಲ್ಲ" ಅಂದರೆ ಅವನನ್ನು ಬಯ್ಯಬೇಡಿ. ಅವನು ಹೇಳ್ತಿರೋದು ನಿಜ. ಅವನಿಗಿಂತ ಬಹಳ ಮೊದಲು, ನೆರಳಲ್ಲಿ ಫ್ಯಾನ್ ಕೆಳಗೆ ಕೂತ ನನ್ನಂಥವನೊಬ್ಬ ಸಹಿ ಹಾಕಿರ್ತಾನೆ.

ಆ ಊರಿಗೆ ಮೊನ್ನೆ ಮತ್ತೆ ಹೋಗಿದ್ದೆ. ಕಂಬ ಹಾಗೇ ಇದೆ, ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿದೆ, ಒಂದು ಚುಕ್ಕಿ ತುಕ್ಕಿಲ್ಲ. ಸತು ತನ್ನ ಕೆಲಸ ಮಾಡ್ತಾ ಇದೆ. ಅಜ್ಜಿ ಇರಲಿಲ್ಲ, ಅವರ ಮಗಳು ಕೂತಿದ್ದರು. ಗೋಣಿಚೀಲ ಇನ್ನೂ ಇತ್ತು. ಎರಡು ಮೊಳ ಮಲ್ಲಿಗೆ ತಗೊಂಡು, ಸುಮ್ಮನೆ ಕಂಬದ ಬಾಗಿಲಿನ ಸ್ಕ್ರೂಗಳನ್ನು ಎಣಿಸಿ ಬಂದೆ. ಎರಡೂ ಇದ್ದವು.